ಹೊಳೆಪ್ಪನ ಹ್ಯಾಟು, ರಾವಸಾಹೇಬನ ತಟ್ಟೆ

ಕುಲಗೋಡ
೮ ಜನವರಿ ೨೦೨೪

ರಾವಸಾಬ,

ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದೆಂದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ನಿನಗೆ ಕಿವಿ ಕೇಳುವುದಿಲ್ಲ, ನಾನು ಕೂಗಬೇಕು. ನಾನು ಕೂಗಿದರೆ ಸತ್ತೆವ್ವ ಅಡುಗೆಮನೆಯಿಂದ "ಯಾರ ಕೂಡ ಜಗಳಾ ತಗದೀರಿ?" ಎಂದು ಓಡಿ ಬರುತ್ತಾಳೆ. ಅದಕ್ಕೇ ನಮಗೆ ಪತ್ರವೇ ಸರಿ. ಗೋಕಾಕದ ಕಾಲೇಜು ಬಿಟ್ಟಾಗಿನಿಂದ ನಾವಿಬ್ಬರು ಬರೆದುಕೊಂಡಷ್ಟು ಯಾವ ಗಂಡ ಹೆಂಡತಿಯೂ ಬರೆದುಕೊಂಡಿರಲಿಕ್ಕಿಲ್ಲ.

ನಿನ್ನ ಮಗ ಜಿನದತ್ತನ ಮದುವೆ ಪತ್ರಿಕೆ ತಲುಪಿತು. ಬರುತ್ತೇನೆ. ಆದರೆ ಈಗ ಬರೆಯಲು ಕೂತದ್ದು ಅದಕ್ಕಲ್ಲ. ನನಗೆ ಬಂದಿರುವ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಾಗಿದೆ, ನೀನು ಸಿಕ್ಕಿದ್ದೀಯ.

ಬೆಳಗಾವಿಯಲ್ಲಿ ಕೊಂಡ ಕಂದು ಹ್ಯಾಟು ನೆನಪಿದೆಯಲ್ಲ? ಅಂಗಡಿಯವನು "ಖರೆ ಉಣ್ಣಿದು ಐತ್ರಿ ಸರ, ಮೊಮ್ಮಕ್ಕಳ ಕಾಲಕ್ಕೂ ಇರತೈತಿ" ಎಂದಿದ್ದ. ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಳೆ ಬಿತ್ತು ನೋಡು, ಅಂಚೆಲ್ಲ ಕುಸಿದು ಕಿವಿಯ ಮೇಲೆ ಬಂತು. ಬಿಚ್ಚಿ ನೋಡಿದರೆ ಒಳಗೆ ರಟ್ಟು! ನನ್ನಂಥವನಿಗೆ, ಜೀವನವಿಡೀ ಹ್ಯಾಟು ಹಾಕಿದವನಿಗೆ, ರಟ್ಟು ಕೊಟ್ಟು ಕಳಿಸಿದ್ದಾನೆ. ಅವತ್ತೇ ಶಪಥ ಮಾಡಿದೆ. ಇನ್ನು ಮೇಲೆ ನನ್ನ ಹ್ಯಾಟು ನಾನೇ ಮಾಡಿಕೊಳ್ಳುತ್ತೇನೆ.

ದನದ ದವಾಖಾನೆಯಲ್ಲಿ ನೌಕರಿ ಮಾಡಿದ್ದರಿಂದ ಸುತ್ತಲಿನ ಕುರಿಯವರೆಲ್ಲ ನನಗೆ ಗೊತ್ತು. ನಮ್ಮೂರ ಬೀರಸಿದ್ದಪ್ಪ ಕಂಬಳಿ ನೇಯುವುದನ್ನು ಬಿಟ್ಟು ಬರೀ ಕುರಿ ಕಾಯುತ್ತಾನೆ. ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಹಳ್ಳಕ್ಕೆ ಒಗೆಯುತ್ತಾನಂತೆ. ಅದಕ್ಕೂ ನನಗೆ ಸಿಟ್ಟು ಬಂತು. "ಒಗೀಬ್ಯಾಡೋ ಮಾರಾಯಾ, ನನಗ ಕೊಡು" ಎಂದೆ. ಅವನು ಉಣ್ಣೆಯನ್ನು ಬಿಲ್ಲಿನಿಂದ ಹೊಡೆದು ಹತ್ತಿಯ ಹಾಗೆ ಅರಳಿಸಿ ಕೊಡುತ್ತಾನೆ. ಅದನ್ನು ಪದರ ಪದರವಾಗಿ ಹಾಸಿ, ಕುದಿಯುವ ನೀರು ಮತ್ತು ಅಂಟವಾಳದ ನೊರೆ ಹಾಕಿ, ಕೈ ಸುಟ್ಟುಕೊಂಡು ತಿಕ್ಕಬೇಕು. ತಿಕ್ಕಿದಷ್ಟೂ ಎಳೆಗೆ ಎಳೆ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಹಬೆಯಲ್ಲಿ ಮೆತ್ತಗೆ ಮಾಡಿ ಕಟ್ಟಿಗೆಯ ಅಚ್ಚಿನ ಮೇಲೆ ಎಳೆದು ಹುರಿ ಬಿಗಿಯಬೇಕು.

ಹೇಳಲು ಸುಲಭ. ಉಣ್ಣೆ ಇಷ್ಟೊಂದು ಕುಗ್ಗುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ. ಮೊದಲನೆಯದು ಎಷ್ಟು ಕುಗ್ಗಿತೆಂದರೆ ಮಗಳು ಯಶೋಧರಾ ಅದನ್ನು ಚಹಾದ ಕಿಟಲಿಗೆ ಮುಚ್ಚಿಟ್ಟಳು. ಎರಡನೆಯದು ಬಿರುಸಾಗಲೆಂದು ಕಂಬಳಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗಿಟ್ಟೆ. ಬೀರಸಿದ್ದಪ್ಪನ ಆಡು ಬಂದು ಪೂರಾ ನೆಕ್ಕಿ, ಅಂಚನ್ನು ಅಗಿದು ಹೋಯಿತು. ಮೂರನೆಯದಕ್ಕೆ ಹಬೆ ಕೊಡಲು ಇಡ್ಲಿ ಪಾತ್ರೆ ತೆಗೆದುಕೊಂಡೆ. ಸತ್ತೆವ್ವ ಮೂಸಿ ನೋಡಿ, "ಇದರಾಗ ಇನ್ನ ಇಡ್ಲಿ ಮಾಡಿದ್ರ ಕುರಿ ವಾಸನಿ ಬರತೈತಿ. ನಿಮ್ಮ ಟೊಪ್ಪಿಗೀನ ತಿನ್ನರಿ" ಎಂದು ಪಾತ್ರೆಯನ್ನು ನನ್ನ ಮುಂದೆ ಕುಕ್ಕಿದಳು.

ಈಗ ಯಮಕನಮರಡಿಯಲ್ಲಿ ಲಾರಿಯ ಬಾಡಿ ಕಟ್ಟುವ ಅಲ್ಲಪ್ಪ ಬಡಿಗೇರನಿಂದ ದೊಡ್ಡ ಅಚ್ಚು ಮಾಡಿಸಿದ್ದೇನೆ. ಇದರಲ್ಲಿ ಬರುವ ಮೊದಲ ಸರಿಯಾದ ಹ್ಯಾಟು ನಿನಗೆ. ತಲೆಯ ಸುತ್ತಳತೆಯನ್ನು ದಾರದಿಂದ ಅಳೆದು ದಾರವನ್ನೇ ಕವರಿನಲ್ಲಿ ಹಾಕಿ ಕಳಿಸು. ನಿನ್ನ ಅಂಕಿಗಳ ಮೇಲೆ ನನಗೆ ನಂಬಿಕೆ ಇಲ್ಲ.

ನಿನ್ನ
ಹೊಳೆಪ್ಪ


ಬೆಲ್ಲದ ಬಾಗೇವಾಡಿ
೧೫ ಜನವರಿ ೨೦೨೪

ಪ್ರೀತಿಯ ಹೊಳೆಪ್ಪ,

ದಾರ ಇದರೊಳಗಿದೆ. ಕಮಲವ್ವ ಅಳೆದಳು. ಅಳೆಯುವಾಗ "ಒಳಗ ಏನೂ ಇಲ್ಲದಿದ್ರೂ ತಲಿ ಏನ ದೊಡ್ಡದೈತಿ" ಎಂದಳು. ಆಡು ತಿಂದ ಹ್ಯಾಟಿನ ಕಥೆಯನ್ನು ಮನೆಮಂದಿಗೆಲ್ಲ ಓದಿ ಹೇಳಿದೆ, ಜಿನದತ್ತ ನಕ್ಕು ನಕ್ಕು ಸುಸ್ತಾದ.

ಮದುವೆಯ ಒಂದು ಮಾತು. ಹುಕ್ಕೇರಿಯ ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಆದ ಕೂಡಲೇ ಆಯೇರಿ ಇದೆ. ಬೇಕಾದವರಿಗೆಲ್ಲ ಬಿಳಿ ಟೊಪ್ಪಿಗೆ, ಟವೆಲ್, ಕಾಯಿ. ನಮ್ಮ ಭರಮಗೌಡ ಕಾಕಾ ಮನೆಗೆ ಹಿರಿಯರು, ಅವರೇ ತಮ್ಮ ಕೈಯಿಂದ ಟೊಪ್ಪಿಗೆ ಇಡುತ್ತಾರೆ. ತಟ್ಟೆ ಹಿಡಿಯುವವನು ನಾನು. ನಿನ್ನ ಹೆಸರು ಬರೆಸಿದ್ದೇನೆ. ನೀನು ಮುಂದಿನ ಸಾಲಿನಲ್ಲೇ ಕೂರಬೇಕು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಬೈದರೂ ನೀನು ಹ್ಯಾಟು ತೆಗೆಯಲಿಲ್ಲ. ನೌಕರಿಯಲ್ಲಿ ಸಾಹೇಬರ ಮುಂದೆಯೂ ತೆಗೆಯಲಿಲ್ಲ. ನನ್ನ ಸಲುವಾಗಿ ಅವತ್ತೊಂದು ಗಳಿಗೆ ತೆಗೆದು ತೊಡೆಯ ಮೇಲಿಟ್ಟುಕೋ ಮಾರಾಯಾ. ಹ್ಯಾಟಿನ ಮೇಲೆ ಟೊಪ್ಪಿಗೆ ಇಟ್ಟರೆ ಫೋಟೋದಲ್ಲಿ ನೀನು ಎರಡು ಮಹಡಿಯ ಮನೆಯ ಹಾಗೆ ಕಾಣುತ್ತೀಯ.

ಸತ್ತೆವ್ವ ವೈನಿಯವರನ್ನೂ ಯಶೋಧರಾಳನ್ನೂ ಕರೆದುಕೊಂಡು ಬಾ.

ನಿನ್ನ
ರಾವಸಾಹೇಬ


ಬೆಲ್ಲದ ಬಾಗೇವಾಡಿ
೨೦ ಫೆಬ್ರುವರಿ ೨೦೨೪

ಪ್ರೀತಿಯ ಹೊಳೆಪ್ಪ,

ಮದುವೆ ಚೆನ್ನಾಗಿ ಆಯಿತೆಂದು ಎಲ್ಲರೂ ಹೇಳುತ್ತಿದ್ದಾರೆ. ಬೀಗರು ಒಳ್ಳೆಯ ಮಂದಿ. ಮಂಟಪದ ಪಂಖಾ ಎರಡು ಸಲ ನಿಂತದ್ದು ಬಿಟ್ಟರೆ ಯಾವುದಕ್ಕೂ ಕೊರತೆ ಆಗಲಿಲ್ಲ.

ನೀನು ಊಟ ಮಾಡದೆ ಹೋದೆಯಂತೆ. ಕಮಲವ್ವ ಪಂಕ್ತಿಯಲ್ಲಿ ನಿನ್ನನ್ನು ಹುಡುಕಿದಳಂತೆ. ವೈನಿಯವರು ಬರಲಿಲ್ಲ, ನೀನೊಬ್ಬನೇ ಬಂದೆ, ಬಂದವನು ಹೇಳದೆ ಹೋದೆ. ಮೈ ಹುಷಾರಿರಲಿಲ್ಲವೇ? ಬಸ್ಸು ತಪ್ಪುತ್ತದೆ ಎಂದೇ? ಓಡಾಟದಲ್ಲಿ ನನಗೆ ಯಾರನ್ನೂ ಸರಿಯಾಗಿ ಮಾತಾಡಿಸಲು ಆಗಲಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನನ್ನ ಹ್ಯಾಟು ಎಲ್ಲಿಗೆ ಬಂತು? ಬರೆ.

ರಾವಸಾಹೇಬ


ಬೆಲ್ಲದ ಬಾಗೇವಾಡಿ
೬ ಮಾರ್ಚ್ ೨೦೨೪

ಹೊಳೆಪ್ಪ,

ಪತ್ರಕ್ಕೆ ಉತ್ತರವಿಲ್ಲ. ಫೋನು ಎತ್ತುವುದಿಲ್ಲ. ಜಿನದತ್ತನ ಫೋನಿನಿಂದ ಮಾಡಿಸಿದೆ, ನೀನು ನನ್ನ ದನಿ ಕೇಳಿ ಕಟ್ ಮಾಡಿದೆ. ಮುಧೋಳದ ಕಡೆಯ ನಮ್ಮ ನೆಂಟನೊಬ್ಬ, ನೀನು ಆಯೇರಿಯ ಸಲುವಾಗಿ ಸಿಟ್ಟಾಗಿದ್ದೀ ಎಂದು ಹೇಳಿದ.

ಇಷ್ಟಕ್ಕೇ ಏನೋ? ಹೇಳಿಬಿಡುತ್ತೇನೆ ಕೇಳು. ನಿನ್ನ ತಲೆಯ ಮೇಲೆ ನಿನ್ನ ಆ ಹಳೆಯ ಹ್ಯಾಟು ಇತ್ತು. ಹ್ಯಾಟಿನ ವಿಷಯದಲ್ಲಿ ನಿನ್ನ ಸ್ವಭಾವ ನನಗೆ ಗೊತ್ತು. ಆ ತೆಳ್ಳನೆಯ ಬಿಳಿ ಟೊಪ್ಪಿಗೆಯನ್ನು ಅದರ ಮೇಲೆ ಇಡುವುದು ನಿನಗೇ ಅವಮಾನ ಎಂದು ತಿಳಿದು ಮುಂದೆ ಹೋದೆವು. ಗೌರವದಿಂದ ಬಿಟ್ಟದ್ದನ್ನು ನೀನು ತಿರುವಿ ಹಾಕಿಕೊಂಡಿದ್ದೀ.

ಇರಲಿ. ನಿನ್ನ ಪಾಲಿನ ಟೊಪ್ಪಿಗೆ, ಟವೆಲ್, ಕಾಯಿ ಎತ್ತಿಟ್ಟಿದ್ದೆ. ಇವತ್ತು ಗೋಕಾಕದ ಬಸ್ಸಿಗೆ ಪಾರ್ಸೆಲ್ ಹಾಕಿದ್ದೇನೆ. ಇಳಿಸಿಕೋ. ಕಾಯಿ ಒಡೆದು ಮನೆಮಂದಿಯೆಲ್ಲ ತಿನ್ನಿ, ಸಿಟ್ಟು ಬಿಡು.

ರಾವಸಾಹೇಬ


ಕುಲಗೋಡ
೧೩ ಮಾರ್ಚ್ ೨೦೨೪

ಶ್ರೀ ರಾವಸಾಹೇಬರಿಗೆ,

ನಿಮ್ಮ ಪಾರ್ಸೆಲ್ಲನ್ನು ಅದೇ ಬಸ್ಸಿಗೆ ವಾಪಸು ಹಾಕಿದ್ದೇನೆ. ಬಿಚ್ಚಿಲ್ಲ. ಮಾನವನ್ನು ಬಸ್ಸಿನ ಸೀಟಿನ ಕೆಳಗೆ ಹಾಕಿ ಕಳಿಸುವ ಪದ್ಧತಿ ನಿಮ್ಮ ಊರಲ್ಲಿ ಇದ್ದರೂ ಇರಬಹುದು, ನಮ್ಮಲ್ಲಿಲ್ಲ.

ನನ್ನ ತಲೆಯ ಮೇಲೆ ಹ್ಯಾಟು ಇತ್ತು ಎಂದು ಬರೆದಿದ್ದೀರಿ. ಸುಳ್ಳು. ನೀವು ಹೇಳಿದ ಹಾಗೆ ನಾನು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದೆ. ಮುಂದಿನ ಸಾಲಿನಲ್ಲಿ, ಪಂಖಾದ ಕೆಳಗೆ, ಬೋಳು ನೆತ್ತಿ ಬಿಟ್ಟುಕೊಂಡು ಕೂತಿದ್ದೆ. ನನ್ನ ಎಡಕ್ಕೆ ಸಕ್ಕರೆ ಕಾರ್ಖಾನೆಯ ತೂಕದ ಗುಮಾಸ್ತ, ಬಲಕ್ಕೆ ಬೀಗರ ಕಾರಿನ ಡ್ರೈವರ್. ಗುಮಾಸ್ತನಿಗೆ ಟೊಪ್ಪಿಗೆ ಇಟ್ಟರು. ನಾನು ತಲೆ ಬಗ್ಗಿಸಿದೆ. ನಿಮ್ಮ ಕಾಕಾ "ಮುಂದ ನಡಿ ರಾವಸಾಬ" ಎಂದರು. ವಿಡಿಯೋ ತೆಗೆಯುವವನು ಪಾಪ, ಏನೂ ಅರಿಯದೆ, "ಇವ್ರದ ಉಳೀತ್ರಿ ಕಾಕಾ" ಎಂದು ಕೂಗಿ ಹೇಳಿದ. "ಆತ್ ಆತ್, ಮುಂದಿನವ್ರದ ತಗಿ" ಎಂದರು ಕಾಕಾ. ನಿಮಗೆ ಕಿವಿ ಕೇಳುವುದಿಲ್ಲ ಎನ್ನೋಣ. ಕಣ್ಣಿಗೆ ಏನಾಗಿತ್ತು? ತಟ್ಟೆ ಹಿಡಿದವರು ನೀವು. ತಟ್ಟೆ ತಾನಾಗಿಯೇ ಮುಂದೆ ಹೋಗಲಿಲ್ಲ. ಡ್ರೈವರ್‌ನ ತಲೆಯ ಮೇಲೆ ಟೊಪ್ಪಿಗೆ ಬಂತು. ನಾನು ಬಗ್ಗಿಸಿದ ತಲೆಯನ್ನು ಹೇಗೆ ಎತ್ತಬೇಕೆಂದು ತಿಳಿಯದೆ ಕೂತಿದ್ದೆ.

ನಾನು ಹ್ಯಾಟು ಯಾಕೆ ಹಾಕುತ್ತೇನೆಂದು ನೀವು ಯಾವತ್ತೂ ಕೇಳಲಿಲ್ಲ. ಹೊಳೆಪ್ಪನಿಗೆ ಶೋಕಿ ಎಂದುಕೊಂಡಿರಿ. ಈಗ ಕೇಳಿರಿ. ನಮ್ಮಪ್ಪ ಮಾಲಿಂಗಪ್ಪ ಕುಲಗೋಡದ ದೊಡ್ಡ ಮನೆಯಲ್ಲಿ ಜೀತಕ್ಕಿದ್ದ. ಆ ಮನೆಯ ಮದುವೆಯಲ್ಲಿ ಊರಿನವರಿಗೆಲ್ಲ ಟೊಪ್ಪಿಗೆ, ಟವೆಲ್ ಆಯಿತು. ಮಂಟಪಕ್ಕೆ ಹಂದರದ ಗಳ ಹೊತ್ತವನು ನಮ್ಮಪ್ಪ. ಅವನಿಗೆ ಟವೆಲ್ಲನ್ನು ಕಟ್ಟೆಯ ಮೇಲಿಂದ ಒಗೆದರು. ಅವನು ತಲೆಯ ರುಮಾಲು ಬಿಚ್ಚಿ ಬಗಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಅದನ್ನು ಹಿಡಿದ. ನಾನು ಬಾಜೂಕ್ಕೇ ನಿಂತಿದ್ದೆ. "ಅಪ್ಪಾ, ನಿನಗ ಟೊಪ್ಪಿಗಿ?" ಎಂದು ಕೇಳಿದೆ. ಅವನು ನನ್ನ ಬಾಯಿ ಮುಚ್ಚಿದ. ದೊಡ್ಡವನಾದ ಮೇಲೆ ನನಗೆ ತಿಳಿಯಿತು. ಟವೆಲ್ ದೂರದಿಂದ ಒಗೆಯಬಹುದು. ಟೊಪ್ಪಿಗೆ ಒಗೆಯಲು ಬರುವುದಿಲ್ಲ, ತಲೆ ಮುಟ್ಟಬೇಕಾಗುತ್ತದೆ.

ಅದಕ್ಕೇ ನಾನು ಕಾಲೇಜು ಸೇರುವ ಮೊದಲೇ ಕೂಲಿಯ ದುಡ್ಡಿನಲ್ಲಿ ಹ್ಯಾಟು ಕೊಂಡೆ. ಅದಕ್ಕೇ ಯಾರ ಮುಂದೆಯೂ ತೆಗೆಯಲಿಲ್ಲ. ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು ತೆಗೆದೆ. ನಮ್ಮಪ್ಪನಿಗೆ ಟವೆಲ್ಲಾದರೂ ಒಗೆದಿದ್ದರು, ನೀವು ಅದನ್ನೂ ಒಗೆಯಲಿಲ್ಲ.

ಸತ್ತೆವ್ವನಿಗೆ ನಾನು ಊಟ ಮಾಡಿ ಬಂದೆನೆಂದು ಹೇಳಿದ್ದೇನೆ. ಏನೇನು ಮಾಡಿಸಿದ್ದರು ಎಂದು ಕೇಳಿದಳು. ಹೋಳಿಗೆ ಚೆನ್ನಾಗಿತ್ತು ಎಂದೆ.

ಹೊಳೆಪ್ಪ ಮಾಲಿಂಗಪ್ಪ


ಬೆಲ್ಲದ ಬಾಗೇವಾಡಿ
೩೦ ಮಾರ್ಚ್ ೨೦೨೪

ಹೊಳೆಪ್ಪ,

"ಶ್ರೀ ರಾವಸಾಹೇಬರಿಗೆ" ಎಂದು ಬರೆದಿದ್ದೀಯಲ್ಲ, ಕಾಲಿನದನ್ನು ತೆಗೆದು ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನಗೂ ಸಿಟ್ಟಿದೆ. ಕೇಳಿಸಿಕೋ.

ಕಾಕಾನಿಗೆ ಎಂಬತ್ತು ಹತ್ತಿರ ಬಂತು. ಅವರ ಬುದ್ಧಿ ಹಳೆಯದು, ಈಗ ತಿದ್ದಲು ಆಗುವುದಿಲ್ಲ. ಹೊಲ ಇನ್ನೂ ಅವರ ಹೆಸರಿನಲ್ಲೇ ಇದೆ, ಪಾಲಾಗಿಲ್ಲ. ಅಕ್ಷತೆ ಬಿದ್ದು ಒಂದು ತಾಸು ಆಗಿಲ್ಲ, ಹೊಸ ಬೀಗರು ಎದುರಿಗೆ ಕೂತಿದ್ದಾರೆ. ನಾನು ಅಲ್ಲಿ ಕಾಕಾನ ಕೈ ಹಿಡಿದು ಗದ್ದಲ ಎಬ್ಬಿಸಬೇಕಾಗಿತ್ತೇ? ಮಗನ ಮದುವೆ ಕೆಡಿಸಬೇಕಾಗಿತ್ತೇ? ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ, ಎದೆ ಮುಟ್ಟಿಕೊಂಡು ಹೇಳು.

ನಾನು ಅಂಥವನಾಗಿದ್ದರೆ ನಿನ್ನ ಮನೆಯಲ್ಲಿ ಉಣ್ಣುತ್ತಿದ್ದೆನೇ? ಸತ್ತೆವ್ವ ವೈನಿಯ ಕೈಯ ರೊಟ್ಟಿ ಎಷ್ಟು ಸಲ ತಿಂದಿದ್ದೇನೆ! ನಮ್ಮವರಲ್ಲಿ ಎಷ್ಟು ಜನ ಹಾಗೆ ಉಂಡಾರು? ಇದೆಲ್ಲ ಒಂದು ತೆಳ್ಳನೆಯ ಟೊಪ್ಪಿಗೆಯ ಮುಂದೆ ಏನೂ ಅಲ್ಲವಾಯಿತೇ?

ಆದದ್ದು ಆಯಿತು. ನಮ್ಮ ಸೊಸೈಟಿಯ ವಾರ್ಷಿಕ ಸಭೆಗೆ ಬರುವವರಿಗೆಲ್ಲ ಏನಾದರೂ ಕೊಡುವುದಿದೆ. ನಿನ್ನ ಉಣ್ಣೆಯ ಹ್ಯಾಟುಗಳನ್ನೇ ಕೊಡಿಸುತ್ತೇನೆ. ನಿನ್ನ ಕೈಗೆ ಕೆಲಸ, ಊರಲ್ಲಿ ಹೆಸರು ಎರಡೂ ಆಗುತ್ತದೆ. ಹೂಂ ಎನ್ನು.

ರಾವಸಾಹೇಬ


ಕುಲಗೋಡ
೯ ಏಪ್ರಿಲ್ ೨೦೨೪

ರಾವಸಾಹೇಬರಿಗೆ,

ನಾನು ವ್ಯಾಪಾರ ಕೇಳಿರಲಿಲ್ಲ. ಕಾರಿನ ಡ್ರೈವರ್‌ಗೆ ಕೊಟ್ಟದ್ದನ್ನು ಕೇಳಿದ್ದೆ.

ನಮ್ಮ ಮನೆಯಲ್ಲಿ ಉಂಡದ್ದನ್ನು ನೀವು ನಮಗೆ ಮಾಡಿದ ಉಪಕಾರವೆಂದು ಇಟ್ಟುಕೊಂಡಿದ್ದೀರಿ ಎಂದು ಈಗ ಗೊತ್ತಾಯಿತು. ಹಿಟ್ಟು ನಮ್ಮದು, ರೊಟ್ಟಿ ಬಡಿದವಳು ಸತ್ತೆವ್ವ, ಎರಡು ಸಲ ಪಲ್ಯ ಹಾಕಿಸಿಕೊಂಡವರು ನೀವು. ಉಪಕಾರ ನಮಗಾಯಿತು! ನಿಮ್ಮ ಪತ್ರವನ್ನು ಅವಳಿಗೆ ಓದಿ ಹೇಳಬೇಕಾಯಿತು, ಎಲ್ಲವನ್ನೂ ಹೇಳಬೇಕಾಯಿತು. ಅವಳು "ಅವರ ಮನ್ಯಾಗ ನೀವ ಎಲ್ಲಿ ಕುಂತ ಉಣತಿದ್ರಿ?" ಎಂದು ಕೇಳಿದಳು.

ಪಡಸಾಲೆಯಲ್ಲಿ, ಬಾಗಿಲ ಹತ್ತಿರ. ಯಾವಾಗಲೂ ಅಲ್ಲೇ. "ಇಲ್ಲಿ ಗಾಳಿ ಚೊಲೋ ಬರತೈತಿ ಹೊಳೆಪ್ಪ" ಎನ್ನುತ್ತಿದ್ದಿರಿ, ನೀವೂ ಬಾಜೂಕ್ಕೆ ಕೂತು ಉಣ್ಣುತ್ತಿದ್ದಿರಿ. ಖರೆ, ಗಾಳಿ ಬರುತ್ತಿತ್ತು. ಇಷ್ಟು ವರ್ಷ ನಾನು ಆ ಗಾಳಿಯನ್ನು ನಂಬಿದ್ದೆ. ನಿಮ್ಮ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಈಗ ಹೆಚ್ಚಾಗಿದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದೀರಿ. ತಟ್ಟೆ ಹಿಡಿದು ಅಲ್ಲೇ ನಿಲ್ಲುತ್ತಿದ್ದೆ. ಗದ್ದಲ ಬೇಕಾಗಿರಲಿಲ್ಲ, ಒಂದು ಮಾತೂ ಬೇಕಾಗಿರಲಿಲ್ಲ. ನೀವು ಹೆಜ್ಜೆ ಇಡದಿದ್ದರೆ ನಿಮ್ಮ ಕಾಕಾ ಟೊಪ್ಪಿಗೆಯನ್ನು ಗಾಳಿಯಿಂದ ತೆಗೆಯುತ್ತಿದ್ದರೇನು?

ನಿಮ್ಮ ತಲೆಗೆಂದು ಮಾಡಿದ ಹ್ಯಾಟು ಮದುವೆಯ ಹಿಂದಿನ ದಿನವೇ ತಯಾರಾಗಿತ್ತು. ಎಳೆಯ ಮರಿಗಳ ಮೊದಲ ಉಣ್ಣೆ, ಎಲ್ಲೂ ಚುಚ್ಚುತ್ತಿರಲಿಲ್ಲ, ಅಂಚು ತಟ್ಟಿದರೆ ಟಣ್ ಎನ್ನಬೇಕು ಹಾಗಿತ್ತು. ಬಂದ ಮೇಲೆ ಅದನ್ನು ಕತ್ತರಿಯಿಂದ ಸೀಳಬೇಕೆಂದು ಎತ್ತಿಕೊಂಡೆ. ಮನಸ್ಸು ಬರಲಿಲ್ಲ. ಬೀರಸಿದ್ದಪ್ಪನಿಗೆ ಕೊಟ್ಟೆ. ಅವನ ತಲೆಗೆ ಸರಿಯಾಗಿ ಕೂತಿತು. ಈಗ ದಿನಾ ಕುರಿಗಳ ಹಿಂದೆ ಬಿಸಿಲಲ್ಲಿ ಹೋಗುತ್ತಿದೆ.

ಇನ್ನು ಬರೆಯಬೇಡಿರಿ.

ಹೊಳೆಪ್ಪ


ಬೆಲ್ಲದ ಬಾಗೇವಾಡಿ
೪ ನವೆಂಬರ್ ೨೦೨೪

ಹೊಳೆಪ್ಪ,

ಬರೆಯಬೇಡ ಎಂದಿದ್ದೆ. ಮಳೆಗಾಲ ಮುಗಿಯುವವರೆಗೆ ಬರೆಯಲಿಲ್ಲ. ಬರೆದು ಹರಿದದ್ದು ಲೆಕ್ಕಕ್ಕಿಲ್ಲ.

ನಿನ್ನೆ ಭರಮಗೌಡ ಕಾಕಾನ ಎಂಬತ್ತರ ಸತ್ಕಾರ ಇತ್ತು. ಬಾಗೇವಾಡಿಯಲ್ಲೇ, ನಮ್ಮ ಅಂಗಳದಲ್ಲಿ ಹಂದರ ಹಾಕಿದ್ದೆವು. ಸುತ್ತಲಿನ ಊರುಗಳಿಂದ ನಮ್ಮವರೆಲ್ಲ ಬಂದಿದ್ದರು. ಕಾಕಾ ಮನೆತನದ ಗಂಡಸರಿಗೆಲ್ಲ ಸಾಲಾಗಿ ಟೊಪ್ಪಿಗೆ ಇಡುತ್ತ ಬಂದರು. ತಟ್ಟೆ ಹಿಡಿದವನು ಜಿನದತ್ತ. ನನ್ನ ಮುಂದೆ ಬಂದಾಗ ನಾನು ತಲೆ ಬಗ್ಗಿಸಲಿಲ್ಲ. ಎದ್ದು ನಿಂತೆ. "ಬ್ಯಾಡ ಕಾಕಾ. ನನ್ನ ಮಗನ ಮದುವ್ಯಾಗ ಹೊಳೆಪ್ಪಗ ತಪ್ಪಿಸಿದ ಟೊಪ್ಪಿಗಿ ನನಗೂ ಬ್ಯಾಡ" ಎಂದೆ. ನನಗೆ ಕಿವಿ ಕೇಳುವುದಿಲ್ಲವಾದ್ದರಿಂದ ನಾನು ಮಾತಾಡುವುದೇ ಜೋರು. ಹಂದರಕ್ಕೆಲ್ಲ ಕೇಳಿಸಿತು.

ಕಾಕಾ ಮೊದಲು ನಕ್ಕರು, ಆಮೇಲೆ ಮುಖ ಕೆಂಪಾಯಿತು. "ಹೊಲಾ ಬೇಕಾಗೇತಿಲ್ಲೋ ನಿನಗ?" ಎಂದರು. ಜಿನದತ್ತ "ಅಪ್ಪಾ, ಕೂಡ್ರಿ, ಮಂದಿ ನೋಡಾಕತ್ತಾರ" ಎಂದು ಕೈ ಜಗ್ಗಿದ. ಅದೇ ಮಾತನ್ನು ಅವತ್ತು ಮಂಟಪದಲ್ಲಿ ನಾನು ನನಗೇ ಹೇಳಿಕೊಂಡಿದ್ದೆ, ಮಂದಿ ನೋಡುತ್ತಿದ್ದಾರೆ ಎಂದು. ಹ್ಯಾಟು ನಿನ್ನ ತಲೆಯ ಮೇಲಿತ್ತು ಎಂದು ಬರೆದದ್ದು ಸುಳ್ಳು ಹೊಳೆಪ್ಪ. ನಿನ್ನ ಬರಿದಲೆ ನನಗೆ ಕಾಣಿಸಿತ್ತು. ಹ್ಯಾಟಿನ ಅಂಚಿನ ಗೆರೆ ಹಣೆಯ ಮೇಲೆ ಹಾಗೇ ಇತ್ತು. ಅದನ್ನು ನೋಡಿ ಕಾಲು ಮುಂದಿಟ್ಟೆ.

ನಾನು ಹಂದರದಿಂದ ಎದ್ದು ಒಳಗೆ ಹೋದೆ. ಈಗ ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಪಾಲಿನ ಮಾತನ್ನು ಇನ್ನು ಎತ್ತುವ ಹಾಗಿಲ್ಲ. ಕಮಲವ್ವ ಮಾತ್ರ ರಾತ್ರಿಯ ನೀರಿನ ತಂಬಿಗೆ ಇಡುತ್ತ, "ಇದನ್ನ ಮದುವಿ ದಿನಾನ ಹೇಳಬೇಕಾಗಿತ್ತು" ಎಂದಳು.

ಹೇಳಿದ್ದೇನೆ ನೋಡು, ಎಲ್ಲರ ಮುಂದೆ, ನಿನ್ನ ಹೆಸರು ಹಿಡಿದು. ನನಗಾದ ನಷ್ಟ ನನಗಾಗಲಿ. ಈಗಲಾದರೂ ಫೋನು ಎತ್ತುತ್ತೀಯಾ?

ನಿನ್ನ
ರಾವಸಾಹೇಬ


ಕುಲಗೋಡ
೧೬ ನವೆಂಬರ್ ೨೦೨೪

ರಾವಸಾಬ,

ನಿನ್ನ ಪತ್ರ ಓದಿ ಮೊದಲು ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ? ಸತ್ತೆವ್ವನನ್ನು ಕರೆದು ಓದಿದೆ. ಯಶೋಧರಾ ಕಾಲೇಜಿನಿಂದ ಬಂದ ಮೇಲೆ ಅವಳಿಗೂ ಓದಿ ಹೇಳಿದೆ. ಅವಳು ಚಪ್ಪಲಿ ಬಿಡುತ್ತ ಕೇಳಿಸಿಕೊಂಡು, "ನೀವ ಎಲ್ಲಿದ್ರಿ ಅಪ್ಪಾಜಿ ಆವಾಗ?" ಎಂದಳು.

ನಾನು ಇಲ್ಲೇ ಇದ್ದೆ, ಹಿತ್ತಲಲ್ಲಿ ಉಣ್ಣೆ ತಿಕ್ಕುತ್ತ. ಅಷ್ಟು ಹೇಳುವಷ್ಟರಲ್ಲಿ ನನ್ನ ಮೈ ಉರಿಯಲು ಶುರುವಾಯಿತು. ನಿನ್ನ ಹಂದರದಲ್ಲಿ ನಿಮ್ಮವರೇ ಕೂತಿದ್ದರು. ನಿಮ್ಮ ಕಾಕಾ, ನಿನ್ನ ಮಗ, ನೀನು. ಬೇಡ ಎಂದವನು ನೀನು, ಆ ದಿನದ ದೊಡ್ಡ ಮನುಷ್ಯನೂ ನೀನೇ. ಹೊಲ ಕಳೆದುಕೊಂಡ ಮಾನವೂ ನಿನಗೇ ಬಂತು. ನನ್ನ ಹೆಸರು ಅಲ್ಲಿಗೆ ಬಂತು, ನಾನು ಬರಲಿಲ್ಲ. ನನ್ನನ್ನು ಕರೆಯಬೇಕೆಂದು ನಿನಗೆ ಹೊಳೆಯಲಿಲ್ಲ. ನನ್ನ ತಲೆ ಆ ಕುರ್ಚಿಯಲ್ಲಿ ಹೇಗೆ ಬಗ್ಗಿತ್ತೋ ಹಾಗೇ ಇದೆ ರಾವಸಾಬ, ನೀನು ನಿನ್ನ ತಲೆ ಎತ್ತಿಕೊಂಡು ಮನೆಯೊಳಗೆ ಹೋದೆ.

ಆದರೂ ನೀನು ಮಾಡಿದ್ದು ಸಣ್ಣದಲ್ಲ. ಕಾಕಾನ ಮುಂದೆ ಹಾಗೆ ನಿಲ್ಲಲು ಎಂಥ ಎದೆ ಬೇಕೆಂದು ನನಗೆ ಗೊತ್ತು. ಅದಕ್ಕೇ ಫೋನು ಎತ್ತುವ ಬದಲು ಪತ್ರ ಬರೆಯುತ್ತಿದ್ದೇನೆ, ನೀನು ಒಂದೊಂದು ಅಕ್ಷರವನ್ನೂ ಓದಬೇಕು.

ಜನವರಿ ೨೬, ರವಿವಾರ, ಯಶೋಧರಾಳ ಮದುವೆ. ಹುಡುಗ ಓಂಕಾರ, ಮೂಡಲಗಿಯವನೇ, ಬ್ಯಾಂಕಿನಲ್ಲಿದ್ದಾನೆ. ಮದುವೆಯೂ ಮೂಡಲಗಿಯಲ್ಲೇ. ಬುದ್ಧ ವಂದನೆ ಆದ ಮೇಲೆ ಆಯೇರಿ ಇಟ್ಟುಕೊಂಡಿದ್ದೇನೆ. ನಾವು ಅದನ್ನು ಬಿಟ್ಟು ವರ್ಷಗಳಾದವು, "ಯಾಕ ಬೇಕು ಅವರ ರೀತಿ?" ಎಂದು ಯಶೋಧರಾ ಜಗಳವಾಡಿದಳು. ನನಗೆ ಈ ಸಲ ಬೇಕು.

ಬಿಳಿ ಟೊಪ್ಪಿಗೆ ಇಲ್ಲ. ನಮ್ಮ ಕೇರಿಯ ಹಿರಿಯರಿಗೆಲ್ಲ ನಾನೇ ಹ್ಯಾಟು ಮಾಡುತ್ತಿದ್ದೇನೆ. ಈಗ ಕೈ ಕುದುರಿದೆ. ಎಷ್ಟು ಕುಗ್ಗುತ್ತದೆಂದು ಹಾಸುವಾಗಲೇ ಕಣ್ಣಿಗೆ ಗೊತ್ತಾಗುತ್ತದೆ. ಸಿಟ್ಟಿನಲ್ಲಿ ತಿಕ್ಕಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ ಎಂದು ಬೀರಸಿದ್ದಪ್ಪ ಬೈದು ಬೈದು ಕಲಿಸಿದ್ದಾನೆ, ಹಾಗಾಗಿ ಮೊದಲು ಬೈದು ಮುಗಿಸಿ ಆಮೇಲೆ ತಿಕ್ಕಲು ಕೂರುತ್ತೇನೆ. ಒಬ್ಬೊಬ್ಬರ ತಲೆಯೂ ಬೇರೆ. ನಮ್ಮ ದೊಡ್ಡಪ್ಪನ ಮಗನ ನೆತ್ತಿ ಹಿಂದಕ್ಕೆ ಉದ್ದ, ಅವನ ಅಚ್ಚಿಗೆ ಬಟ್ಟೆ ಸುತ್ತಿ ಎಳೆಯಬೇಕಾಯಿತು. ಅಳತೆ ತೆಗೆಯುವಾಗ ಮುದುಕರು ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ತಲೆಯನ್ನು ಇಷ್ಟು ಹೊತ್ತು ಯಾರೂ ಮುಟ್ಟಿದ್ದಿಲ್ಲವಂತೆ.

ನೀನು ಬರಬೇಕು. ಕೂರಲು ಅಲ್ಲ. ತಟ್ಟೆ ನೀನು ಹಿಡಿಯಬೇಕು, ಹ್ಯಾಟೂ ನೀನೇ ಇಡಬೇಕು. ಒಬ್ಬೊಬ್ಬರ ಮುಂದೆ ನಿಂತು, ಹೆಸರು ಕೇಳಿ, ಎರಡೂ ಕೈಯಿಂದ ಇಟ್ಟು, ಹಣೆಯ ಮೇಲೆ ಸರಿಯಾಗಿ ಕೂತಿತೋ ಇಲ್ಲವೋ ನೋಡಿ ಸರಿಪಡಿಸಬೇಕು. ನಿನಗೆ ಹೆಸರು ಕೇಳಿಸದಿದ್ದರೆ ಅವರು ಮತ್ತೊಮ್ಮೆ ಹೇಳುತ್ತಾರೆ. ಅವಸರವಿಲ್ಲ. ಜಿನದತ್ತನನ್ನೂ ಕರೆದುಕೊಂಡು ಬಾ, ಅವನು ನೋಡಲಿ. ಕಮಲವ್ವ ತಪ್ಪದೆ ಬರಲಿ. ಊಟಕ್ಕೆ ಕುಲಗೋಡದ ನಮ್ಮ ಮನೆಗೇ ಬರಬೇಕು; ನೀವು ಜೈನರು, ಹೊತ್ತು ಮುಳುಗುವ ಮೊದಲೇ ಎಲೆ ಹಾಕಿಸುತ್ತೇನೆ, ನಡುಮನೆಯಲ್ಲಿ.

ನಿನ್ನ ಹ್ಯಾಟು ಇನ್ನೂ ಮಾಡಿಲ್ಲ. ಮಾಡುತ್ತೇನೋ ಇಲ್ಲವೋ ಹೇಳಲಾರೆ.

ಸಾಲಿನಲ್ಲಿ ಕೊನೆಯವನು ನಾನು. ಈ ಸಲ ನಾನು ಮೊದಲೇ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾಯುವುದಿಲ್ಲ, ಹಾಕಿಕೊಂಡೇ ಕೂತಿರುತ್ತೇನೆ. ನೀನು ಬಂದು ನನ್ನ ಮುಂದೆ ನಿಲ್ಲು. ಮಂದಿಯೆಲ್ಲ ನೋಡಲಿ. ನೀನು ನಿಂತಿದ್ದೀಯೆಂದು, ಮುಂದೆ ಹೋಗುವುದಿಲ್ಲವೆಂದು ನನಗೆ ಖಾತ್ರಿಯಾದ ಮೇಲೆ ತೆಗೆಯುತ್ತೇನೆ.

ಹೊಳೆಪ್ಪ